ಇನ್ನಷ್ಟಮ್ಮ ಯಾರು?

ಹೂಗ್ಯಂ
12-9-1967

ಪ್ರೀತಿಯ ಅಕ್ಕನಿಗೆ,

ಗುರುಬಸಮ್ಮನ ನಮಸ್ಕಾರಗಳು. ನಾನು ಕ್ಷೇಮ. ನೀನು, ಭಾವನವರು, ನಮ್ಮ ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಳೆಗೆ ರಸ್ತೆ ಕೊಚ್ಚಿಹೋಗಿ ನಾಲ್ಕು ದಿನದಿಂದ ಹನೂರಿನ ಬಸ್ಸು ಇಲ್ಲ, ಟಪಾಲೂ ಇಲ್ಲ. ಇದು ನಿನಗೆ ಎಂದು ತಲುಪುತ್ತದೋ.

ಒಂದು ಕೆಲಸಕ್ಕೆ ನಿನ್ನ ಸಹಾಯ ಬೇಕು. ಸಂಕ್ರಾಂತಿಗೆ ಮುಂಚೆ ಶಾಲೆಯ ವಾರ್ಷಿಕೋತ್ಸವ ಆಗಲೇಬೇಕೆಂದು ಊರಿನವರು ಹಟ ಹಿಡಿದಿದ್ದಾರೆ. ನಾಲ್ಕು ತರಗತಿಗೂ ನಾನೊಬ್ಬಳೇ ಟೀಚರು. ಬರೀ ಹಾಡು ಹೇಳಿಸಿ ಮುಗಿಸಲು ಮನಸ್ಸಿಲ್ಲ. ಒಂದು ಕಥೆ ಕಟ್ಟಿ ಮಕ್ಕಳಿಂದ ಆಡಿಸಬೇಕೆಂದಿದ್ದೇನೆ. ದುರಾಸೆಯನ್ನೇ ಒಬ್ಬ ಮನುಷ್ಯನನ್ನಾಗಿ ಮಾಡಿ ಊರೊಳಕ್ಕೆ ಬಿಡುವುದು. ಅವನ ಹೆಸರು ಇನ್ನಷ್ಟಯ್ಯ. ಅವನು ಯಾರ ಮನೆಗೆ ಹೋಗುತ್ತಾನೆ, ಹೇಗೆ ಮಾತಾಡುತ್ತಾನೆ, ಕೊನೆಗೆ ಏನಾಗುತ್ತಾನೆ, ಒಂದೂ ತಿಳಿಯುತ್ತಿಲ್ಲ. ತವರಿನಲ್ಲಿ, ಶಾಗ್ಯದ ನಮ್ಮ ಜಗಲಿಯಲ್ಲಿ ನೀನು ಕಥೆ ಹೇಳಲು ಕೂತರೆ ನಾನು ಊಟ ಮರೆಯುತ್ತಿದ್ದೆ. ಏನಾದರೂ ಹೊಳೆದರೆ ಬರೆ.

ದಸರಾ ರಜಕ್ಕೆ ಪುಟ್ಟಿಯನ್ನು ಕಳಿಸಿಕೊಡು. ಇಲ್ಲಿ ನಾಲ್ಕನೆಯ ತರಗತಿಯಿಂದ ಮುಂದಕ್ಕೆ ಶಾಲೆ ಇಲ್ಲವೆಂದು ಅವಳನ್ನು ನಿನ್ನ ಹತ್ತಿರ ಬಿಟ್ಟು ವರ್ಷದ ಮೇಲಾಯಿತು. ಅವರಪ್ಪ ಹೋದ ಮೇಲೆ ನನಗಿರುವುದು ಅವಳೊಬ್ಬಳು. ಅವಳ ಕೈಯಲ್ಲೇ ಎರಡು ಸಾಲು ಬರೆಸಿ ಕಳಿಸು. ಯಾಕೋ ಆ ಹುಡುಗಿ ಒಂದು ಕಾಗದವನ್ನೂ ಬರೆಯುವುದಿಲ್ಲ.

ನಿನ್ನ ತಂಗಿ
ಗುರುಬಸಮ್ಮ


ಯಳಂದೂರು
20-9-1967

ಚಿ. ಬಸಮ್ಮನಿಗೆ ಆಶೀರ್ವಾದಗಳು.

ನಿನ್ನ ಇನ್ನಷ್ಟಯ್ಯನನ್ನು ಓದಿ ನಾನೂ ನಿಮ್ಮ ಭಾವನವರೂ ನಕ್ಕಿದ್ದೇ ನಕ್ಕಿದ್ದು. ಇಷ್ಟು ದೊಡ್ಡ ಹೊಟ್ಟೆ ಕಟ್ಟು ಅವನಿಗೆ, ದಿಂಬು ಇಟ್ಟು. ಎರಡು ಕೈಯಲ್ಲೂ ಕಡುಬು. ಬಾಯಲ್ಲಿ ಒಂದು ಕಡುಬು ಇರುವಾಗಲೇ "ಇನ್ನಷ್ಟು, ಇನ್ನಷ್ಟು" ಎನ್ನಬೇಕು. ಕೊನೆಗೆ ಹೊಟ್ಟೆ ಒಡೆದು ದಿಂಬಿನ ಹತ್ತಿ ಹಾರಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಪುಟ್ಟಿ ಈಗ ಆರನೆಯ ತರಗತಿಯಲ್ಲಿ ಎಲ್ಲರಿಗಿಂತ ಮುಂದು. ಹಸಿರು ರೇಷ್ಮೆ ಲಂಗ ಹೊಲಿಸಿದ್ದೇನೆ, ನೀನು ನೋಡಬೇಕಿತ್ತು. ಅವಳ ಹತ್ತಿರ ರಜದ ಮಾತು ಎತ್ತಿದೆ. ನಿನ್ನ ಮನಸ್ಸಿಗೆ ಬೇಸರವಾಗುತ್ತದೆಂದು ಹೇಳಲು ಹಿಂಜರಿಕೆ, ಆದರೆ ಮುಚ್ಚಿಡುವುದು ಸರಿಯಲ್ಲ. "ಅಲ್ಲಿ ದೀಪ ಇಲ್ಲ, ಜೊತೆಗೆ ಯಾರೂ ಇಲ್ಲ, ನಾ ಓಗಾಕಿಲ್ಲ ದೊಡ್ಡವ್ವ" ಅಂತಾಳೆ. ಎಷ್ಟು ಹೇಳಿದರೂ ಕೇಳಲಿಲ್ಲ. ಮಕ್ಕಳಲ್ಲವೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನಗೆ ನಮಸ್ಕಾರ ಹೇಳಿದ್ದಾಳೆ.

ಇತಿ,
ವೀರಮ್ಮ


ಹೂಗ್ಯಂ
3-10-1967

ಅಕ್ಕನಿಗೆ ನಮಸ್ಕಾರಗಳು.

ಕಾಗದ ಬಂತು. ಪುಟ್ಟಿಗೆ ಬಲವಂತ ಮಾಡಬೇಡ. ಬರಲು ಇಷ್ಟವಿಲ್ಲದಿದ್ದರೆ ಬೇಡ.

ಕಥೆ ಬೇರೆ ದಾರಿ ಹಿಡಿದಿದೆ. ದೊಡ್ಡ ಹೊಟ್ಟೆ ಕಟ್ಟಿದರೆ ಅವನು ದುರಾಸೆ ಎಂದು ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ, ಯಾರೂ ಒಳಗೆ ಕರೆಯುವುದಿಲ್ಲ. ಆದ್ದರಿಂದ ಒಳ್ಳೆಯವರಂತೆ ಬರಬೇಕು. ಮೆತ್ತಗೆ ಮಾತಾಡಬೇಕು, ಕೇಳದೆಯೇ ಸಹಾಯಕ್ಕೆ ನಿಲ್ಲಬೇಕು. ಇನ್ನೊಂದು ಬದಲಾವಣೆ: ಇನ್ನಷ್ಟಯ್ಯ ಈಗ ಇನ್ನಷ್ಟಮ್ಮ ಆಗಿದ್ದಾಳೆ. ನನ್ನ ಮಕ್ಕಳಲ್ಲಿ ಮಾತು ನೆನಪಿಟ್ಟುಕೊಳ್ಳುವವಳು ಚಿಕ್ಕನಿಂಗಮ್ಮ ಒಬ್ಬಳೇ. ಅವಳು "ಮೀಸೆ ಅಂಟುಸ್ಕಳಾಕಿಲ್ಲ ಟೀಚರಮ್ಮ" ಎಂದು ಅತ್ತುಬಿಟ್ಟಳು. ಇನ್ನಷ್ಟಮ್ಮನಿಗೆ ಗಂಡ, ಮಕ್ಕಳು ಯಾರೂ ಬೇಡ. ಅಷ್ಟೊಂದು ವೇಷಕ್ಕೆ ಮಕ್ಕಳಿಲ್ಲ ನನ್ನಲ್ಲಿ.

ಅವಳು ಎರಡು ಮನೆಗಳ ನಡುವೆ ಓಡಾಡುತ್ತಾಳೆ. ಒಡಹುಟ್ಟಿದವರ ಮನೆಗಳು. ಈ ಮನೆಯಲ್ಲಿ ಒಂದು ಹೇಳುತ್ತಾಳೆ, ಆ ಮನೆಯಲ್ಲಿ ಇನ್ನೊಂದು. ಇಬ್ಬರಿಗೂ ಅವಳ ಮೇಲೆಯೇ ನಂಬಿಕೆ. ಇಬ್ಬರಿಗೂ ಸೇರಬೇಕಾದದ್ದು ಹಾಗೇ ಮೆಲ್ಲಗೆ ಅವಳ ಪಾಲಾಗುತ್ತದೆ. ಇಲ್ಲಿಯವರೆಗೆ ಬಂದಿದೆ. ಹೇಗಿದೆ ಹೇಳು.

ಗುರುಬಸಮ್ಮ


ಯಳಂದೂರು
9-11-1967

ಗುರುಬಸಮ್ಮನಿಗೆ,

ಐದು ವಾರ ಯಾಕೆ ಬರೆಯಲಿಲ್ಲವೆಂದು ನೀನು ಕೇಳುವುದಿಲ್ಲ. ನಿನಗೇ ಗೊತ್ತು.

ನೇರವಾಗಿ ಕೇಳುತ್ತೇನೆ. ನಿನ್ನ ಹತ್ತಿರ ಯಾರು ಬಂದಿದ್ದರು? ನಮ್ಮ ಬೀದಿಯ ಗೋವಿಂದಮ್ಮ ದಸರಾದಲ್ಲಿ ದೇವರ ದರ್ಶನಕ್ಕೆಂದು ಬೆಟ್ಟಕ್ಕೆ ಹೋಗಿದ್ದಳು. ಹಾಗೇ ಮುಂದೆ ಹೂಗ್ಯಂಗೂ ಬಂದಳೋ? ಅವಳ ಮಾತು ಕಟ್ಟಿಕೊಂಡು ಕಥೆ ಬರೆಯುವ ಬದಲು ನನ್ನನ್ನೇ ಕೇಳಬಹುದಿತ್ತು.

ಮೊದಲು ಗಂಡಸಾಗಿದ್ದವನು ನನ್ನ ಕಾಗದ ಸಿಕ್ಕಿದ ಮೇಲೆ ಹೆಂಗಸಾದ. ಮೆತ್ತಗೆ ಮಾತಾಡುವವಳು. ಮಕ್ಕಳಿಲ್ಲದವಳು. ಒಡಹುಟ್ಟಿದವರ ನಡುವೆ ಸುಳ್ಳು ಹೇಳುವವಳು. ವೇಷಕ್ಕೆ ಮಕ್ಕಳು ಸಾಲದು ಎಂಬ ನೆಪ ಬೇರೆ. ನಾನು ಎಂಟನೆಯ ತರಗತಿಯವರೆಗೇ ಓದಿದವಳು, ನಿನ್ನ ಹಾಗೆ ಟ್ರೈನಿಂಗ್ ಆದವಳಲ್ಲ. ಆದರೂ ಅಷ್ಟು ಅರ್ಥವಾಗುತ್ತದೆ.

ನಿನ್ನ ಮಗಳಿಗೆ ಕಾಮಾಲೆಯಾದಾಗ ಹದಿನೆಂಟು ದಿನ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು ನಾನು. ಅದನ್ನೂ ನಿನ್ನ ಕಥೆಯಲ್ಲಿ ಸೇರಿಸು.

ಪುಟ್ಟಿ ನಿನಗೆ ಬೇರೆ ಯಾರ ಕೈಯಲ್ಲಾದರೂ ಕಾಗದ ಕಳಿಸಿದ್ದರೆ ಅದು ಯಾವ ತಾರೀಕಿನದೆಂದು ತಿಳಿಸು.

ವೀರಮ್ಮ


ಹೂಗ್ಯಂ
16-11-1967

ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇದು ನನಗೆ ಬರೆದದ್ದೇ ಎಂದು ಮೇಲಿನ ವಿಳಾಸವನ್ನೂ ನೋಡಿದೆ.

ಇಲ್ಲಿಗೆ ಗೋವಿಂದಮ್ಮ ಬಂದಿಲ್ಲ. ಯಾರೂ ಬಂದಿಲ್ಲ. ಇನ್ನಷ್ಟಮ್ಮ ಯಾರು ಎಂದು ತಾನೇ ನಿನ್ನ ಅನುಮಾನ, ಹೇಳುತ್ತೇನೆ. ಅವಳು ನಮ್ಮೂರಿನ ಮುತ್ತಯ್ಯ. ನಮ್ಮಲ್ಲಿ ದೊಡ್ಡಸಿದ್ದಯ್ಯ, ಚಿಕ್ಕಸಿದ್ದಯ್ಯ ಎಂಬ ಅಣ್ಣತಮ್ಮಂದಿರಿದ್ದಾರೆ. ಇಬ್ಬರ ಹೊಲದ ನಡುವೆ ಅಪ್ಪನ ಕಾಲದ ಹುಣಸೆಮರ. ಹೋದ ಬೇಸಿಗೆಯಲ್ಲಿ ಮುತ್ತಯ್ಯ ಅಣ್ಣನ ಹತ್ತಿರ ಹೋಗಿ "ನಿನ್ ತಮ್ಮ ಆ ಮರಾನೇ ಕಡುಸ್ಬುಡ್ತೀನಿ ಅಂತಾವ್ನೆ ಕಣಪ್ಪ" ಎಂದ. ತಮ್ಮನ ಹತ್ತಿರ ಹೋಗಿ "ನಿಮ್ಮಣ್ಣ ಈ ಸಲ ಒಂದ್ ಹಣ್ಣೂ ಮುಟ್ಟುಸಾಕಿಲ್ವಂತೆ" ಎಂದ. ಇಬ್ಬರೂ ಮಾತು ಬಿಟ್ಟರು. "ನೀವಿಬ್ರೂ ಒಂದಾಗೋಗಂಟ ನಾ ನೋಡ್ಕತೀನಿ" ಎಂದು ಮರದ ಹಣ್ಣನ್ನೆಲ್ಲ ಮುತ್ತಯ್ಯನೇ ಇಳಿಸಿಕೊಂಡ. ಆಮೇಲೆ ಒಂದು ದಿನ ಅಣ್ಣತಮ್ಮಂದಿರಿಗೆ ಹನೂರಿನ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಇಳಿಯುವ ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಇಷ್ಟೇ ನನ್ನ ಕಥೆಯ ಮೂಲ. ನಿನ್ನನ್ನು ನೆನೆದು ಒಂದಕ್ಷರ ಬರೆಯಲಿಲ್ಲ.

ಆದರೆ ನಿನ್ನ ಕೊನೆಯ ಸಾಲು ನನಗೆ ಹಿಡಿಸುತ್ತಿಲ್ಲ ಅಕ್ಕ. ಪುಟ್ಟಿ ಕಾಗದ ಬರೆಯುವುದೇ ಇಲ್ಲವೆಂದು ನಾನು ತಿಳಿದಿದ್ದೆ. "ಬೇರೆ ಯಾರ ಕೈಯಲ್ಲಾದರೂ" ಎಂದಿದ್ದೀಯ. ಹಾಗಾದರೆ ನಿನ್ನ ಕೈಯಲ್ಲಿ ಕೊಟ್ಟಿದ್ದಾಳೆಯೇ? ಯಾವ ತಾರೀಕು ಎಂದು ಕೇಳಿದ್ದೀಯ. ಹಾಗಾದರೆ ಒಂದಕ್ಕಿಂತ ಹೆಚ್ಚು ಇವೆಯೇ?

ಗುರುಬಸಮ್ಮ


ಯಳಂದೂರು
24-11-1967

ಬಸಮ್ಮನಿಗೆ ಆಶೀರ್ವಾದ.

ಏನೋ ಬೇಸರದಲ್ಲಿ ಬರೆದೆ, ಮರೆತುಬಿಡು. ಆ ದಿನ ನನಗೆ ತಲೆನೋವಿತ್ತು. ಕಾಗದದ ಮಾತು ಸುಮ್ಮನೆ ಬಾಯಿಗೆ ಬಂದದ್ದು. ಮಕ್ಕಳು ಏನೇನೋ ಗೀಚುತ್ತವೆ, ಹರಿದು ಹಾಕುತ್ತವೆ. ಅದಕ್ಕೆಲ್ಲ ಲೆಕ್ಕ ಇಡುವವರು ಯಾರು? ಒಡಹುಟ್ಟಿದ ಅಕ್ಕನ ಮೇಲೆ ಇಷ್ಟು ಅನುಮಾನ ಪಡಬಾರದು.

ಈಗ ಹೊರಟು ಬರಬೇಡ. ಪುಟ್ಟಿಗೆ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ, ಓದಿನ ಮೇಲಿನ ಗಮನ ಕೆಡುತ್ತದೆ. ಸಂಕ್ರಾಂತಿ ಆದ ಮೇಲೆ ನೋಡೋಣ.

ಆ ಕಥೆ ಬಿಟ್ಟುಬಿಡು. ಮಕ್ಕಳಿಗೆ ಮೊಲ, ಆಮೆ ಇಂಥದ್ದು ಸಾಕು. ಮಾಡಲೇಬೇಕೆಂದರೆ ಕೊನೆಗೆ ಆ ಹೆಂಗಸಿಗೆ ತೀರಾ ಅವಮಾನ ಮಾಡಿಸಬೇಡ. ಅವಳಿಗೂ ಏನೋ ಒಂದು ಕಷ್ಟ ಇದ್ದಿರಬೇಕು.

ವೀರಮ್ಮ


ಹೂಗ್ಯಂ
4-12-1967

ಅಕ್ಕನಿಗೆ,

ಕಥೆಯ ಮೂರನೆಯ ಭಾಗ ಬರೆದೆ. ಇದು ಮುತ್ತಯ್ಯನದಲ್ಲ; ನಿನ್ನ ಹಿಂದಿನ ಎರಡು ಕಾಗದ ಓದಿದ ಮೇಲೆ ನಾನೇ ಕಟ್ಟಿದ್ದು. ನೋಡಿ ಹೇಳು.

ಇನ್ನಷ್ಟಮ್ಮನ ಮನೆಯಲ್ಲಿ ಬೇರೊಬ್ಬರ ಮಗು ಬೆಳೆಯುತ್ತಿದೆ. ಮಗು ತಾಯಿಗೆ ಕಾಗದ ಬರೆದು "ಟಪಾಲಿಗೆ ಹಾಕಿಬಿಡಿ" ಎಂದು ಕೊಡುತ್ತದೆ. ಅವಳು "ಆಗಲಿ ಮಗಾ" ಎನ್ನುತ್ತಾಳೆ. ತಾಯಿಗೆ ಮಾತ್ರ "ನಿನ್ನ ಮಗಳಿಗೆ ಬರಲು ಇಷ್ಟವಿಲ್ಲ" ಎಂದು ಬರೆಯುತ್ತಾಳೆ. ಮಗುವಿಗೆ ಏನು ಹೇಳುತ್ತಾಳೆಂದು ನನಗೆ ತಿಳಿಯುತ್ತಿಲ್ಲ. ಅಲ್ಲಿಗೆ ನಿಂತಿದೆ. ಅವಳು ಏನು ಹೇಳಿರಬಹುದು, ನೀನು ಹೇಳು.

ಈ ಕಥೆ ತಪ್ಪಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ. ನಿನ್ನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ.

ಇಂದೇ ಪುಟ್ಟಿಗೂ ಒಂದು ಕಾಗದ ಬರೆದಿದ್ದೇನೆ. ನಿನ್ನ ಮನೆಯ ವಿಳಾಸಕ್ಕಲ್ಲ, ಅವಳ ಶಾಲೆಯ ಹೆಡ್ ಮಿಸ್ಟ್ರೆಸ್‌ಗೆ. ಹುಡುಗಿಯ ಕೈಗೇ ಕೊಡಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. "ಊರಿಗೆ ಬರಲು ನಿನಗೆ ಯಾಕೆ ಇಷ್ಟವಿಲ್ಲ ಮಗಳೇ" ಎಂದು ಅಷ್ಟೇ ಕೇಳಿದ್ದೇನೆ.

ಗುರುಬಸಮ್ಮ


ಯಳಂದೂರು
12-12-1967

ಬಸಮ್ಮ,

ಮಗುವಿಗೆ ಅವಳು ಹೇಳಿದ್ದು ಇದು: "ನಿಮ್ಮವ್ವಂಗೆ ಸ್ಕೂಲಲ್ಲಿ ಪುರುಸೊತ್ತಿಲ್ವಂತೆ, ಈ ಸಲ ಬರಬ್ಯಾಡ ಅಂದವ್ಳೆ." ಮೂರು ರಜದಲ್ಲೂ ಇದನ್ನೇ ಹೇಳಿದೆ.

ನಿನ್ನೆ ಸೋಮವಾರ ಪುಟ್ಟಿ ಶಾಲೆಯಿಂದ ಬಂದವಳು ಒಳಗೆ ಬರಲಿಲ್ಲ. ಚೀಲ ಹೆಗಲಲ್ಲೇ ಇಟ್ಟುಕೊಂಡು ಹೊಸ್ತಿಲ ಆಚೆ ನಿಂತಳು. ನಾನು ರೊಟ್ಟಿ ತಟ್ಟುತ್ತಿದ್ದೆ.

"ದೊಡ್ಡವ್ವ, ನಮ್ಮವ್ವ ನನ್ನ ಬರಬ್ಯಾಡ ಅಂದೇ ಇಲ್ವಲ್ಲ" ಅಂದಳು.

"ಯಾರವ್ವ ಏಳಿದ್ದು?"

"ಅವ್ವನೇ ಬರ್ದವ್ಳೆ. ನಾನು ಬರ್ದಿದ್ ಕಾಗ್ದ ಎಲ್ಲವ್ವೆ?"

ಸುಳ್ಳು ಹೇಳಲು ಬಾಯಿ ತೆರೆದೆ. ದೇವರಾಣೆ, ಆಗಲೂ ತೆರೆದೆ. ನಿಮ್ಮ ಭಾವ ಜಗಲಿಯಿಂದ ಎದ್ದು ಬಂದು "ಏನ್ ಕಾಗ್ದವೇ?" ಎಂದು ಕೇಳಿದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ, ಅವರನ್ನು ಬೈಯಬೇಡ. ನಾನು ಟ್ರಂಕು ತೆಗೆದು ಸೀರೆಗಳ ಕೆಳಗಿನಿಂದ ಹನ್ನೊಂದು ಕಾಗದ ತಂದು ಕೊಟ್ಟೆ. ಪುಟ್ಟಿ ಅಲ್ಲೇ ಕೂತು ಎಣಿಸಿದಳು, ಎಲ್ಲ ಇವೆಯೇ ಎಂದು. ಅವಳು ಅತ್ತಿದ್ದರೆ ಚೆನ್ನಾಗಿತ್ತು. ನಿಮ್ಮ ಭಾವ "ಏನ್ ಮಾಡ್ಬುಟ್ಟೆ ವೀರಿ ನೀನು" ಎಂದು ಹೊರಗೆ ಹೋದರು. ಆಗಿನಿಂದ ನನ್ನೊಡನೆ ಮಾತಿಲ್ಲ.

ಮೊದಲನೆಯ ಕಾಗದ ಹೋದ ವರ್ಷ ಆಷಾಢದ್ದು. "ಅವ್ವ, ನನಗೆ ಇಲ್ಲಿ ಬೇಡ, ಬಂದು ಕರೆದುಕೊಂಡು ಹೋಗು" ಎಂದಿತ್ತು. ಅದನ್ನು ನೋಡಿದರೆ ನೀನು ಮಾರನೆಯ ದಿನವೇ ಬಂದು ಕರೆದೊಯ್ಯುತ್ತೀಯ, ಹುಡುಗಿಯ ಓದು ನಿಂತುಹೋಗುತ್ತದೆ ಎಂದು ಎತ್ತಿಟ್ಟೆ. ಅದು ನಿಜವೂ ಹೌದು. ಆದರೆ ಎರಡನೆಯದನ್ನು ಯಾಕೆ ಇಟ್ಟುಕೊಂಡೆ? ಅದರಲ್ಲಿ ಅಳು ಇರಲಿಲ್ಲ. "ದೊಡ್ಡವ್ವ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದರೂ ನಿನ್ನ ಪಕ್ಕ ಮಲಗಬೇಕು ಅನ್ನಿಸುತ್ತದೆ" ಎಂದಿತ್ತು. ಆ "ಆದರೂ" ನನ್ನಿಂದ ತಡೆಯಲಾಗಲಿಲ್ಲ ಬಸಮ್ಮ. ಇಷ್ಟು ಮಾಡಿದರೂ ಆದರೂ. ಲಂಗ ಹೊಲಿಸಿದೆ, ಕೊಳ್ಳೇಗಾಲದಿಂದ ಬಳೆ ತರಿಸಿದೆ, ಆದರೂ. ಆ ಒಂದು ಮಾತು ಅವಳ ಬಾಯಿಂದ ಹೋಗಲಿ ಎಂದು ಒಂದೂವರೆ ವರ್ಷ ಕಾದೆ. ಹನ್ನೊಂದನೆಯ ಕಾಗದದಲ್ಲಿ ಅದು ಇರಲಿಲ್ಲ. ಆದರೆ ಅದರಲ್ಲಿ "ನಿನಗೆ ನಾನು ಬೇಡವಾದೆನೇ ಅವ್ವ" ಎಂದಿತ್ತು. ಅದನ್ನು ಓದಿದ ದಿನವೇ ನಾನು ನಿನಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ನಿನ್ನ ಕಥೆ ಬಂದಾಗ ಎಲ್ಲ ಗೊತ್ತಾಗಿಯೇ ಬರೆದಿದ್ದೀಯ ಎಂದುಕೊಂಡೆ. ನನ್ನ ತಪ್ಪನ್ನು ನಾನೇ ನಿನಗೆ ಎತ್ತಿ ತೋರಿಸಿದೆ.

ಪರೀಕ್ಷೆ ಶನಿವಾರ ಮುಗಿಯುತ್ತದೆ. ಭಾನುವಾರ ನಿಮ್ಮ ಭಾವ ಅವಳನ್ನು ಕರೆದುಕೊಂಡು ಬರುತ್ತಾರೆ. ಕಾಗದಗಳು ಅವಳ ಚೀಲದಲ್ಲಿವೆ. ಈ ಕಾಗದದಲ್ಲಿ ಎರಡು ಸಾಲು ಹೊಡೆದು ಹಾಕಿದ್ದೇನೆ, ನೋಡಿರುತ್ತೀಯ. ಸಂಕ್ರಾಂತಿಯವರೆಗಾದರೂ ಅವಳು ಇಲ್ಲೇ ಇರಲಿ ಎಂದು ಕೇಳಿದ್ದೆ. ಕೇಳುವುದು ಸರಿಯಲ್ಲವೆಂದು ಹೊಡೆದು ಹಾಕಿದೆ.

ವೀರಮ್ಮ


ಹೂಗ್ಯಂ
8-1-1968

ಅಕ್ಕ,

ಮೂರು ವಾರದಲ್ಲಿ ನಾಲ್ಕು ಸಲ ಬರೆಯಲು ಕೂತೆ. ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದುಕೊಂಡರೂ ಕೈ ಬರಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಪುಟ್ಟಿ ಬಸ್ಸಿಳಿದು ಭಾವನವರ ಹಿಂದೆ ನಿಂತಳು. ನನ್ನ ಮಗಳು ನನ್ನನ್ನು ನೋಡಿ, ಮುಟ್ಟಲೋ ಬೇಡವೋ ಎಂದು ಯೋಚಿಸಿದಳು. ಅದನ್ನು ಮಾತ್ರ ನಾನು ಯಾವತ್ತೂ ಮರೆಯಲಾರೆ. ಎರಡು ದಿನ ಕೇಳಿದ್ದಕ್ಕಷ್ಟೇ ಉತ್ತರ. ಮೂರನೆಯ ದಿನ ಹನ್ನೊಂದು ಕಾಗದಗಳನ್ನೂ ತಾನೇ ಗಟ್ಟಿಯಾಗಿ ಓದಿ ಹೇಳಿದಳು, ಪಾಠ ಒಪ್ಪಿಸುವ ಹಾಗೆ. ಆರನೆಯದಕ್ಕೆ ಬರುವಾಗ ಅವಳಿಗೂ ಅಳು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ; ಕಣ್ಣೊರೆಸಿಕೊಂಡು ಉಳಿದದ್ದನ್ನು ಓದಿದಳು.

ತಪ್ಪೆಲ್ಲ ನಿನ್ನದೇ ಎಂದು ಹೇಳಿಬಿಟ್ಟರೆ ನನಗೆ ಸುಲಭ. ಆದರೆ ಮಗಳು ಬರುವುದಿಲ್ಲವಂತೆ ಎಂದಾಗ ಒಂದು ಬಸ್ಸು ಹತ್ತಿ ಬಂದು ನಾನೇ ಕೇಳಬಹುದಿತ್ತು. ಅವಳಿಗೆ ಬೇಡವಾದರೆ ನನಗೂ ಬೇಡ ಎಂದು ಬಿಗಿದುಕೊಂಡು ಕೂತೆ. ಹೋದ ಬೇಸಿಗೆಯಲ್ಲಿ ನಾನು ನಿಮ್ಮಲ್ಲಿಗೆ ಬಂದಾಗ ನೀನು ನಮ್ಮಿಬ್ಬರನ್ನು ಒಂದು ಗಳಿಗೆಯೂ ಬಿಟ್ಟು ಕದಲಲಿಲ್ಲ. ಅದು ಕಂಡರೂ ಪ್ರೀತಿ ಎಂದುಕೊಂಡೆ. ಪ್ರೀತಿಯೇ ಇದ್ದಿರಬಹುದು. ನನಗೆ ಈಗ ಯಾವುದನ್ನು ಏನೆಂದು ಕರೆಯಬೇಕೋ ತಿಳಿಯುವುದಿಲ್ಲ.

ಶನಿವಾರ ವಾರ್ಷಿಕೋತ್ಸವ ಆಯಿತು. ಮೂರನೆಯ ಭಾಗವನ್ನು ಆಡಿಸಲಿಲ್ಲ, ಹರಿದು ಹಾಕಿದೆ. ಹುಣಸೆಮರದ ಕಥೆಯನ್ನಷ್ಟೇ ಆಡಿಸಿದೆ. ಮುತ್ತಯ್ಯ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ. ಮುಗಿದ ಮೇಲೆ ಬಂದು "ಇಂತೋರು ನಮ್ಮೂರಲ್ಲೂ ಅವ್ರೆ ಕಣ್ರಿ ಟೀಚರಮ್ಮ, ಒಳ್ಳೆ ಬುದ್ಧಿ ಏಳುದ್ರಿ" ಎಂದ. ದೊಡ್ಡಸಿದ್ದಯ್ಯ ಅವನ ಮುಖವನ್ನೇ ನೋಡುತ್ತ ನಿಂತಿದ್ದ.

ಈಗ ಮುಖ್ಯವಾದ ಮಾತು. ಮಧ್ಯಮ ಶಾಲೆ ಇರುವ ಹನೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಸಿಕ್ಕರೂ ಜೂನ್‌ಗೆ. ಅಲ್ಲಿಯವರೆಗೆ ಪುಟ್ಟಿಗೆ ಇಲ್ಲಿ ಶಾಲೆ ಇಲ್ಲ. ವರ್ಷ ಹೋದರೆ ಹೋಗಲಿ ಎಂದೆ. ಅವಳು ಒಪ್ಪಲಿಲ್ಲ. "ನಾ ಓಯ್ತೀನಿ ಕಣವ್ವ. ಪರೀಕ್ಷೆ ಮುಗುಸ್ಕಂಡು ಬತ್ತೀನಿ. ಕಾಗ್ದ ನಾನೇ ಪೋಸ್ಟಾಫೀಸ್ಗೆ ಆಕ್ತೀನಿ" ಎಂದಳು. "ದೊಡ್ಡವ್ವನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದೆ. "ಸಿಟ್ಟದೆ" ಎಂದಳು, ಅಷ್ಟೇ.

ಬುಧವಾರ ನಾನೇ ತಂದು ಬಿಡುತ್ತೇನೆ. ಒಳಗೆ ಬರುವುದಿಲ್ಲ. ಸಂಜೆ ಬಸ್ಸಿಗೆ ವಾಪಸಾಗಬೇಕು.

ಗುರುಬಸಮ್ಮ


ಯಳಂದೂರು
2-2-1968

ಬಸಮ್ಮನಿಗೆ ಆಶೀರ್ವಾದ.

ಪುಟ್ಟಿ ಚೆನ್ನಾಗಿದ್ದಾಳೆ. ಕೆಮ್ಮಿತ್ತು, ಕಷಾಯಕ್ಕೆ ಹೋಯಿತು. ಇಟ್ಟದ್ದನ್ನು ಉಣ್ಣುತ್ತಾಳೆ, ನಿಮ್ಮ ಭಾವನವರ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಾಳೆ. ಅವರು ಈಗ ನನ್ನೊಡನೆ ಅಗತ್ಯವಿದ್ದಷ್ಟು ಮಾತಾಡುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ.

ಜಡೆ ಮಾತ್ರ ತಾನೇ ಹಾಕಿಕೊಳ್ಳುತ್ತಾಳೆ. ಬೈತಲೆ ಸೊಟ್ಟಗಿರುತ್ತದೆ. ನಾನು ನೋಡುತ್ತ ಕೂತಿರುತ್ತೇನೆ, "ಬಾ, ಸರಿ ಮಾಡ್ತೀನಿ" ಎಂದು ನಾಲಗೆಯ ತುದಿಗೆ ಬರುತ್ತದೆ, ಹೇಳುವುದಿಲ್ಲ. ಮೊನ್ನೆ ಒಂದು ಸಲ ಅವಳೇ ರಿಬ್ಬನ್ನು ತಂದು ಕೈಗೆ ಕೊಟ್ಟಳು. ಕಟ್ಟಿದೆ. ಮಾರನೆಯ ದಿನ ಕೊಡಲಿಲ್ಲ.

ಶುಕ್ರವಾರ ಶುಕ್ರವಾರ ಶಾಲೆ ಬಿಟ್ಟ ಮೇಲೆ ನಿನಗೆ ಕಾಗದ ಹಾಕುತ್ತಾಳೆ. ಇವತ್ತೂ ಹಾಕಿರಬೇಕು. ಮನೆಯಲ್ಲಿ ಕೂತೇ ಬರೆಯುತ್ತಾಳೆ, ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ಈ ಸಲ ಎರಡು ಹಾಳೆ ತುಂಬ ಬರೆದಂತಿತ್ತು. ಅದರಲ್ಲಿ ನನ್ನ ವಿಷಯ ಏನಾದರೂ ಇದ್ದರೆ

ಬೇಡ, ತಿಳಿಸಬೇಡ.

ವೀರಮ್ಮ